ಪಟ್ಟಿಯಲ್ಲಿ ಬರೆಯದ ಹೆಪ್ಪು

ಹತ್ತಿರ ಬಾ ಪುಟ್ಟಗೌರೀ, ಬಾಗಿಲು ಮುಂದೆ ಮಾಡು. ನಾನು ಹೇಳಿದೆ ಅಂತ ನಲ್ಲಿಕಟ್ಟೆ ಹತ್ತಿರ ಬಾಯಿಬಿಟ್ಟೀಯೆ, ಜೋಕೆ. ಅರಮನೆಯ ಮಾನದ ಮಾತು.

ಕಲ್ಗುಂಡಿ ರಾಜ್ಯದಲ್ಲಿ ಒಂದು ಬೆಳಗ್ಗೆ ಡಂಗೂರ ಹೊಡೆಸಿದರು. “ಕೇಳಿರಿ, ಕೇಳಿರಿ! ರಾಜಕುಮಾರಿ ಸಿರಿಯಾಂಬೆ ಮೂರು ಒಗಟು ಕೇಳುವಳು. ಬಿಡಿಸಿದವನು ಅವಳ ಕೈಹಿಡಿದು ಅರ್ಧ ರಾಜ್ಯ ಆಳುವನು. ತಪ್ಪಿದವನ ತಲೆ ಹುಣ್ಣಿಮೆಯ ದಿನ ಉರುಳುವುದು!”

ಆ ಹುಡುಗಿ ಸೀರೆ, ಒಡವೆ ಅಂದವಳಲ್ಲ. ಹಗಲೆಲ್ಲ ಕಂಪ್ಯೂಟರ್ ಮುಂದೆ. ಪೈತಾನ್ ಅನ್ನೋ ಭಾಷೆಯಲ್ಲಿ ಒಂದು ಕಿಂಡಿ ಕಟ್ಟಿದ್ದಳು. ಕಂಬ, ತೊಲೆ, ಚೌಕಟ್ಟು ಮೊದಲೇ ಸಿದ್ಧವಾಗಿ ಸಿಗುತ್ತಂತೆ, ಅದಕ್ಕೆ ಫ್ರೇಮ್‌ವರ್ಕ್ ಅಂತಾರೆ. ಕಿಂಡಿಗೆ ಎಪಿಐ ಅಂತಾರೆ. ಯಾವ ಹಳ್ಳಿಯಿಂದಲಾದರೂ ಫೋನಿನಲ್ಲಿ ಊರು ಯಾವುದು, ಬಸುರಿಗೆ ಎಷ್ಟು ತಿಂಗಳು ಅಂತ ಒತ್ತಿದರೆ, ಕಿಂಡಿ ಆ ಮಾತನ್ನು ಒಳಗೆ ಒಯ್ದು ಹತ್ತಿರದ ಸೂಲಗಿತ್ತಿಯ ಹೆಸರು ತಂದುಕೊಡಬೇಕು. ಅವಳ ಕೋಣೆಯಲ್ಲಿ ಗಿಳಿಯ ಹಾಗೆ ಉತ್ತರ ಹೇಳುತ್ತಿತ್ತು. ರಾಜ್ಯಕ್ಕೆಲ್ಲ ಸಿಗಲಿ ಅಂತ, ಅದಕ್ಕೆ ಏನೇನು ಬೇಕು ಅನ್ನೋ ಪಟ್ಟಿ ಸಮೇತ ಗೋಪುರದ ಸರ್ವರ್‌ಗೆ ಏರಿಸಿದರೆ ಪಿಟಕ್ಕೆನ್ನಲಿಲ್ಲ.

ಮೊದಲು ಬಂದವನು ನೆರೆರಾಜ್ಯದ ಅರಸುಮಗ ರುದ್ರಪಾಲ. ಮೀಸೆಗೆ ತುಪ್ಪ ಸವರಿಕೊಂಡು ಬಂದಿದ್ದ.

ರಾಜಕುಮಾರಿ ಕೇಳಿದಳು: “ಬಾಗಿಲಿಗೆ ದಿನಕ್ಕೆ ಸಾವಿರ ಮಂದಿ ಬರುತ್ತಾರೆ. ಎಲ್ಲರನ್ನೂ ಬಿಟ್ಟರೆ ಒಳಮನೆ ಕೆಡುತ್ತದೆ. ಯಾರನ್ನೂ ಬಿಡದಿದ್ದರೆ ಮನೆ ಇದ್ದೂ ದಂಡ. ಬಾಗಿಲಲ್ಲಿ ಎಂಥವನನ್ನು ನಿಲ್ಲಿಸಲಿ?”

“ಕತ್ತಿ ಹಿರಿದ ಕಾವಲುಗಾರನನ್ನು!” ಅಂದ. ಮೀಸೆ ಸಮೇತ ಸೆರೆಮನೆಗೆ ಹೋದ.

ಆಮೇಲೆ ಮಂತ್ರಿಮಗ ಚಂದ್ರಸೇನ. ಮೊದಲ ಎರಡು ಒಗಟನ್ನು ಹುರಿಗಡಲೆ ಜಗಿದ ಹಾಗೆ ಬಿಡಿಸಿಬಿಟ್ಟ! ಹೇಗೆ ಅಂತೀಯ? ರಾಜಕುಮಾರಿಯ ದಾಸಿ ದೇವೀರಿ ಆ ವಾರ ಹೊಸ ರೇಷ್ಮೆ ಸೀರೆ ಉಟ್ಟಿದ್ದಳು. ಇಷ್ಟು ಸಾಕಲ್ಲ?

ಮೂರನೆಯದು ಹೀಗಿತ್ತು: “ನನ್ನ ಕೋಣೆಯಲ್ಲಿ ಹಾಡುತ್ತದೆ, ಗೋಪುರದಲ್ಲಿ ಮೂಕ. ಒಯ್ಯುವಾಗ ಮುರಿದಿಲ್ಲ, ಚೆಲ್ಲಿಲ್ಲ. ಏನು ಕಮ್ಮಿಯಾಯಿತು?”

ಮಂತ್ರಿಮಗ ದೇವೀರಿಯ ಮುಖ ನೋಡಿದ. ಅವಳು ಸೆರಗು ನೋಡಿದಳು. “ಸರ್ವರ್ ಕೆಟ್ಟಿದೆ” ಅಂದ.

“ಹೊಸದು ಕೂರಿಸಿಯೂ ನೋಡಿದ್ದಾಯಿತು” ಅಂದಳು ರಾಜಕುಮಾರಿ. ಅವನೂ ಒಳಗೆ.

ಈಗ ಕಿವಿ ಕೊಡು. ಆ ಮೂರನೆಯ ಒಗಟಿನ ಉತ್ತರ ರಾಜಕುಮಾರಿಗೇ ಗೊತ್ತಿರಲಿಲ್ಲ! ಗೊತ್ತಿದ್ದರೆ ತಾನೇ ದಾಸಿ ಮಾರಿಕೊಳ್ಳೋದು? ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಗಿ ಒಗಟು ಮಾಡಿದಳು. ತಲೆಯ ಮಾತು ಸೇರಿಸಿದ್ದು ಅವಳಪ್ಪ. ಪಾಪ, ಹುಣ್ಣಿಮೆ ಹತ್ತಿರವಾದಂತೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಗ ಬಂದವನು ತಿಪ್ಪೇಶ. ಮದುವೆ ಅಡುಗೆಯವರ ಗುಂಪಿನಲ್ಲಿ ಪಾತ್ರೆ ತೊಳೆದು, ಸಾಮಾನಿನ ಪಟ್ಟಿ ಬರೆಯುವವನು.

“ಏನಯ್ಯ, ಅರ್ಧ ರಾಜ್ಯದ ಮೇಲೆ ಕಣ್ಣೋ, ಹುಡುಗಿ ಮೇಲೋ?” ಅಂತ ಸಭೆಯಲ್ಲಿ ಯಾರೋ ಕಿಚಾಯಿಸಿದರು.

“ಎರಡೂ ಅಲ್ಲ ಬುದ್ಧೀ. ನಮ್ಮಕ್ಕ ಕೆಂಚಿ ಬೆಟ್ಟದ ಮೇಲಿದ್ದಾಳೆ, ತುಂಬಿದ ಬಸುರಿ. ಹೋದ ಸಲ ಸೂಲಗಿತ್ತಿ ಯಾವ ಊರಲ್ಲಿದ್ದಾಳೆ ಅಂತ ಹುಡುಕೋದರಲ್ಲೇ ಕೂಸು ಹೋಯಿತು. ಆ ಕಿಂಡಿ ಮಾತಾಡಬೇಕು. ಅದಕ್ಕೆ ಬಂದೆ.”

ರಾಜಕುಮಾರಿ ದನಿ ತಗ್ಗಿಸಿ ಮೊದಲನೆಯದು ಕೇಳಿದಳು.

“ಅಕ್ಕಿ ಆರಿಸುವವಳನ್ನು ನಿಲ್ಲಿಸಿ, ತಾಯಿ. ಕಲ್ಲಿದ್ದರೆ ಪಾತ್ರೆಗೆ ಬಿಡೋದಿಲ್ಲ. ಬೈದು ಅಟ್ಟೋದೂ ಇಲ್ಲ. ‘ಇಗೋ ಇಲ್ಲಿ ಕಲ್ಲಿದೆ, ತೆಗೆದು ತಾ’ ಅಂತ ಬೆರಳಿಟ್ಟು ತೋರಿಸುತ್ತಾಳೆ.”

ಸರಿಯಾಗಿತ್ತು. ತಿಂಗಳು ಕೇಳಿದ ಕಡೆ ಯಾರಾದರೂ ಗಂಡನ ಹೆಸರು ಒತ್ತಿದರೆ, ಕಿಂಡಿಯೂ ಹಾಗೇ ಹೇಳಬೇಕಂತೆ.

ರಾಜಕುಮಾರಿ ಎರಡನೆಯದು ಕೇಳಿದಳು: “ಅದಿಲ್ಲದೆ ಒಡತಿಯೂ ಉಗ್ರಾಣದ ಒಳಗೆ ಹೋಗಲಾರಳು. ಎಲ್ಲ ಬರೆಯುವ ಪುಸ್ತಕದಲ್ಲಿ ಅದೊಂದನ್ನು ಬರೆದರೆ ಉಗ್ರಾಣ ಉಳಿಯದು. ಏನದು?”

“ಬೀಗದ ಕೈ. ಪಟ್ಟಿ ಹತ್ತು ಕೈ ದಾಟುತ್ತೆ. ಕೀಲಿಯನ್ನು ಅಡುಗೆ ಹೊತ್ತಿಗೆ ಬೇಕಾದವರ ಕೈಗೆ ಮಾತ್ರ ಕೊಡಬೇಕು.” ಪಾಸ್‌ವರ್ಡ್ ಅಂತಾರಲ್ಲ, ಅದು.

ರಾಜಕುಮಾರಿ ಮೂರನೆಯದನ್ನೂ ಕೇಳಿದಳು.

“ಒಂದು ಸಲ ನನ್ನಿಂದ ತಪ್ಪಾಯಿತು, ತಾಯಿ. ಬೋಳುಬೆಟ್ಟದ ಗುಡಿಯಲ್ಲಿ ಮದುವೆ, ಸುತ್ತ ಒಂದು ಮನೆಯಿಲ್ಲ. ನಲವತ್ತು ಸಾಮಾನು ಬರೆದಿದ್ದೆ, ನಲವತ್ತೂ ಬಂತು. ಮೊಸರಿಗೆ ಅಂತ ಹಾಲು ಕಾಯಿಸಿ ಇಳಿಸಿದೆವು. ಬೆಳಗ್ಗೆ ನೋಡಿದರೆ ಹಾಲು ಹಾಲಾಗೇ ಇದೆ. ಹೆಪ್ಪು ಬರೆದಿರಲಿಲ್ಲ! ಮನೆಯಲ್ಲಿ ಅದು ಯಾವತ್ತೂ ಗೂಡಲ್ಲಿ ಇರುತ್ತಿತ್ತು. ಇರೋದನ್ನ ಯಾರು ಬರೀತಾರೆ? ಗೋಪುರಕ್ಕೂ ಒಂದು ಪಟ್ಟಿ ಕಳಿಸಿದ್ದೀರಲ್ಲ? ಈ ಕಿಂಡಿ ಕಟ್ಟೋಕೆ ಮೊದಲೇ ನಿಮ್ಮ ಕಂಪ್ಯೂಟರಲ್ಲಿ ಇದ್ದದ್ದೇನು, ಅದನ್ನು ನೋಡಿ.”

ಸಭೆಯನ್ನು ಬಿಟ್ಟು ಅವಳು ಓಡಿದಳು. ಹಿಂದೆ ಕಟುಕ ಕತ್ತಿ ಒರೆಸುತ್ತಿದ್ದ. ತಿಪ್ಪೇಶ ನಿಂತಲ್ಲೇ ನಿಂತಿದ್ದ.

ಸಿಕ್ಕಿತು! ಮೂರು ವರ್ಷದ ಹಿಂದೆ ಪಂಚಾಂಗದ ಆಟಕ್ಕೆ ಅಂತ ಹಾಕಿಕೊಂಡಿದ್ದ ಒಂದು ಪುಟಾಣಿ ಲೈಬ್ರರಿ, ಅಂದರೆ ಯಾರೋ ಮೊದಲೇ ಬರೆದಿಟ್ಟ ಸಿದ್ಧ ಲೆಕ್ಕ. ದಿನ ಎಣಿಸೋದು ಅದರ ಕೆಲಸ. ಬಸುರಿಯ ತಿಂಗಳು ಲೆಕ್ಕ ಹಾಕೋಕೆ ಕಿಂಡಿ ಅದನ್ನೇ ಕೇಳುತ್ತಿತ್ತು. ಪಟ್ಟಿಗೆ ಒಂದು ಸಾಲು ಸೇರಿಸಿದಳು, ಗೋಪುರ ಮಾತಾಡಿತು. ಕೆಂಚಿಯ ಗಂಡ ಬೆಟ್ಟದಿಂದ ಒತ್ತಿದ, ಸೂಲಗಿತ್ತಿಯ ಹೆಸರು ಬಂತು. ನಾಲ್ಕನೆಯ ದಿನ ಹೆಣ್ಣುಕೂಸು ಕಿರುಚಿದ್ದು ಕೆಳಗಿನ ಊರಿಗೂ ಕೇಳಿಸಿತಂತೆ.

ಅರ್ಧ ರಾಜ್ಯ ಕೊಡಲು ಹೋದರೆ ತಿಪ್ಪೇಶ, “ಮೊದಲು ಒಳಗಿರೋ ಇಬ್ಬರನ್ನ ಬಿಡಿ, ಬುದ್ಧೀ. ತಪ್ಪಿದ್ದಕ್ಕೆ ತಲೆ ತೆಗೆದರೆ ನಂದು ಯಾವಾಗಲೋ ಹೋಗಬೇಕಿತ್ತು” ಅಂದ. ರಾಜಕುಮಾರಿ ಆಗ ಅಪ್ಪನ ಕಾಲು ಹಿಡಿದು, ಉತ್ತರ ತನಗೂ ಗೊತ್ತಿರಲಿಲ್ಲ ಅಂತ ಒಪ್ಪಿಕೊಂಡಳು. ಅಲ್ಲಿದ್ದದ್ದು ಅಪ್ಪ, ಮಗಳು, ತಿಪ್ಪೇಶ ಮೂವರೇ; ರಾಜ ಅದನ್ನು ಹೊಟ್ಟೆಗೆ ಹಾಕಿಕೊಂಡು ಒಳಗಿದ್ದ ಇಬ್ಬರನ್ನೂ ಬಿಡಿಸಿದ. ಮದುವೆಯ ಸಾಮಾನು ಪಟ್ಟಿಯನ್ನು ಮದುಮಗನೇ ಬರೆದ. ಮೊದಲ ಸಾಲು: ಹೆಪ್ಪು.

ನೋಡು, ಒಗಟಿನ ಉತ್ತರ ರಾಜಕುಮಾರಿಗೇ ಗೊತ್ತಿರಲಿಲ್ಲ ಅನ್ನೋದು ಅವರು ಮೂವರಿಗೆ, ನನಗೆ, ಈಗ ನಿನಗೆ ಮಾತ್ರ ಗೊತ್ತು.

ಅದಕ್ಕೆ ಈ ಪುಟ್ಟಗೌರಿ ಎದ್ದು ಸೆರಗು ಕೊಡವಿ, ನನ್ನ ಮುಖಕ್ಕೇ ಅಂದಳು: “ಇದನ್ನೇ ಬೆಳಗ್ಗೆ ಹೂವಿನವಳು ಹೇಳಿದಳು, ಆಮೇಲೆ ಹಾಲಿನವಳು, ಇಬ್ಬರಿಗೂ ಹೇಳಿದ್ದು ನೀನೇ ಅಂತೆ. ಅಜ್ಜೀ, ಆ ಬೀಗದ ಕೈ ನಿನ್ನ ಕೈಲಿ ಕೊಟ್ಟಿದ್ದರೆ ತಿಪ್ಪೇಶನ ಮದುವೆಗೆ ಒಂದು ಹಿಡಿ ಅಕ್ಕಿ ಉಳೀತಿರಲಿಲ್ಲ.”