ದಳವಾಯಿಯ ಎದುರು ಹೊಳೆಯ ಆಟ

ಹೊಳೆದಂಡೆಯ ಮಠದಲ್ಲಿ ಸಂಗಯ್ಯನವರೆಂಬ ಗುರುಗಳು ಬಯಲಾಟ ಕಲಿಸುತ್ತಿದ್ದರು. ಅವರ ಶಿಷ್ಯ ನಿರ್ವಾಣಿ ಮೊದಲು ಸೈನಿಕನಾಗಿದ್ದವನು. ಹಿಂದಿನ ಮಳೆಗಾಲದ ಯುದ್ಧದಲ್ಲಿ ದಳವಾಯಿ ಭೈರರಸ ತುಂಬಿದ ಹೊಳೆಗೆ ಇಳಿಸಿದ ಮುನ್ನೂರು ಮಂದಿಯಲ್ಲಿ ಬದುಕಿ ಬಂದವನು ಇವನೊಬ್ಬನೇ.

ಆ ಯುದ್ಧದ ಆಟವನ್ನು ನಿರ್ವಾಣಿಯೇ ಬರೆದಿದ್ದ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ, ದಳವಾಯಿಯ ಎದುರಿಗೇ ಅದನ್ನು ಆಡಬೇಕೆಂದು ಅಪ್ಪಣೆಯಾಗಿತ್ತು. ಸೋತ ಯುದ್ಧಕ್ಕೆ ವಿಜಯದಶಮಿಯ ಆಟ! ನಾಚಿಕೆಗೆ ಅರಮನೆಯೊಳಗೆ ಪ್ರವೇಶವಿಲ್ಲವೇನೋ.

ಅಭ್ಯಾಸದ ದಿನ ಗುರುಗಳು ಸಾರಥಿಯಾಗಿ ನಿಂತರು. ವೇಷ ರಂಗಕ್ಕೆ ಬಂದೊಡನೆ ನೀನಾರೆಂದು ಕೇಳಿ ಮಾತಾಡಿಸುವುದು ಸಾರಥಿಯ ಕೆಲಸ. ದಳವಾಯಿಯ ವೇಷ ಬಂದು ತನ್ನ ಬಿರುದುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಮದ್ದಳೆಯವನಿಗೆ ಆಕಳಿಕೆ ಬಂದಿತ್ತು. ಅದರ ಹಿಂದೆ ಕಾಲಾಳಿನ ವೇಷದಲ್ಲಿ ನಿರ್ವಾಣಿ ಬಂದ.

“ಯಾರಪ್ಪ ನೀನು?” ಎಂದರು ಗುರುಗಳು.

ನಿರ್ವಾಣಿ ತಬ್ಬಿಬ್ಬಾದ. “ಗುರುಗಳೇ, ಕಾಲಾಳನ್ನ ಸಾರಥಿ ಮಾತಾಡಿಸೋ ಪದ್ಧತಿ ಇಲ್ಲವಲ್ಲ.”

“ನಾನು ಕೇಳ್ತಿದ್ದೀನಿ. ಹೆಸರೇನು?”

“ಕೆಂಚ,” ಎಂದ ನಿರ್ವಾಣಿ. ಕೆಂಚ ಅವನ ಪಕ್ಕದಲ್ಲೇ ನೀರಿಗಿಳಿದು ಮುಳುಗಿದ ಗೆಳೆಯ.

“ಹೇಗೆ ಸತ್ತೆ, ಕೆಂಚ?”

“ವೈರಿಯ ಮಾಂತ್ರಿಕ ಹೊಳೆಯನ್ನು ಉಕ್ಕಿಸಿದ...”

ಬರೆದದ್ದು ಹಾಗೇ ಇತ್ತು. ಆದರೆ ಕೆಂಚನ ಹೆಸರು ಹೇಳಿದ ಬಾಯಿಂದ ಮುಂದಿನ ಮಾತು ಹೊರಡಲಿಲ್ಲ. ನಿರ್ವಾಣಿ ಅಲ್ಲೇ ಕುಸಿದು ಕೂತು ಅತ್ತ.

“ಮಂತ್ರವೂ ಇಲ್ಲ, ಮಣ್ಣೂ ಇಲ್ಲ, ಗುರುಗಳೇ. ಇಲ್ಲಿ ಸುಳಿ ಇದೆ, ಎರಡು ದಿನ ತಡೀರಿ ಅಂತ ಅಂಬಿಗ ಕಾಲು ಹಿಡಿದ. ದೋಣಿ ನಡೆಸೋನಿಂದ ನಾನು ಯುದ್ಧ ಕಲೀಬೇಕಾ ಅಂತ ದಳವಾಯಿ ನಕ್ಕರು. ಮೊದಲ ಸಾಲು ಮುಳುಗಿದ್ದನ್ನ ಕಣ್ಣಾರೆ ಕಂಡರು. ಆಮೇಲೂ ಎರಡನೇ ಸಾಲನ್ನ ಇಳಿಸಿದರು.”

“ಅದನ್ನ ಯಾಕೆ ಬರೀಲಿಲ್ಲ?”

“ತಲೆ ಹೋಗುತ್ತೆ.”

“ಹೋಗಬಹುದು,” ಎಂದರು ಗುರುಗಳು. “ದಳವಾಯಿ ವೇಷ ನಾನು ಕಟ್ತೀನಿ. ಮೊದಲು ನನ್ನದು ಹೋಗಲಿ. ನೀನು ಬರಿ.”

ನಿರ್ವಾಣಿ ಇಡೀ ಆಟವನ್ನು ಮತ್ತೆ ಬರೆದ.

ವಿಜಯದಶಮಿಯ ದಿನ ಅರಮನೆಯ ಅಂಗಳ ಕಿಕ್ಕಿರಿದಿತ್ತು. ಸತ್ತವರ ಮನೆಯವರೆಲ್ಲ ಬಂದಿದ್ದರು. ಸಾರಥಿಯಾಗಿ ನಿಂತ ನಿರ್ವಾಣಿ ಒಬ್ಬೊಬ್ಬ ಕಾಲಾಳಿನ ಹೆಸರನ್ನೂ ಕೇಳಿದ. ಒಬ್ಬ “ಕೆಂಚ” ಎಂದಾಗ ಜನರ ನಡುವೆ ಕೆಂಚನ ತಾಯಿ ಎದ್ದು ನಿಂತಳು. ಕೂತುಕೋ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ದಳವಾಯಿಯ ವೇಷದಲ್ಲಿದ್ದ ಗುರುಗಳು ಅಂಬಿಗನನ್ನು ನೋಡಿ ನಕ್ಕರು. ಮೊದಲ ಸಾಲು ಮುಳುಗಿತು. ಎರಡನೆಯ ಸಾಲು ಇಳಿಯಲೆಂದು ಅವರು ಕೈ ಎತ್ತಿದರು.

ಭೈರರಸ ಕತ್ತಿ ಹಿರಿದು ಎದ್ದ. “ನಿಲ್ಲಿಸು!”

ಕಾವಲಿನವರು ರಂಗಕ್ಕೆ ನುಗ್ಗಿದರು. ನಿರ್ವಾಣಿ ಓಡಲಿಲ್ಲ. ಗುರುಗಳ ಪಕ್ಕಕ್ಕೆ ಬಂದು ನಿಂತ.

ಗುರುಗಳು ಎತ್ತಿದ ಕೈ ಇಳಿಸದೆ ಹೇಳಿದರು:

“ಈ ಮಾತನ್ನ ಅವತ್ತು ಹೊಳೆದಂಡೆಯಲ್ಲಿ ಹೇಳಬೇಕಿತ್ತು, ದಳವಾಯಿಗಳೇ. ಇವತ್ತು ನಿಲ್ಲಿಸೋದಿಲ್ಲ.”