ಬೊಮ್ಮಕ್ಕ ಮುಳುಗಿಸಿದ ಬೆಂಕಿ

ಬಹಳ ಹಿಂದೆ, ಇಸವಿ ಹೇಳುವವರು ಯಾರೂ ಉಳಿದಿಲ್ಲದಷ್ಟು ಹಿಂದೆ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಒಂದು ಊರಿತ್ತಂತೆ. ಅಲ್ಲಿಯವರು ಮೂಲದಲ್ಲಿ ಆ ಮಣ್ಣಿನವರಲ್ಲ. ಅವರ ಅಜ್ಜಂದಿರನ್ನು ಕಡಲಾಚೆಯ ಚಕ್ರವರ್ತಿ ಹಡಗು ಹತ್ತಿಸಿ, ಕಾಡು ಕಡಿದು ಗದ್ದೆ ಮಾಡಿರೆಂದು ಕಳಿಸಿದ್ದನಂತೆ. ಹುಟ್ಟಿ ಬೆಳೆದದ್ದು ಇಲ್ಲಾದರೂ ಆ ಕಾಣದ ದೇಶವನ್ನೇ ಅವರು ತವರು ಎನ್ನುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ತವರಿನ ಹಡಗು ಬರುತ್ತಿತ್ತು. ಅದರಲ್ಲಿ ಒಂದು ಮಡಕೆ, ಮಡಕೆಯ ಬೂದಿಯೊಳಗೆ ಅರಮನೆಯ ಒಲೆಯ ಕೆಂಡ. ಆ ದಿನ ಊರಿನ ಒಲೆಗಳನ್ನೆಲ್ಲ ಆರಿಸಿ, ಸಾರಿಸಿ, ಹೊಸ ಬೆಂಕಿಗೆ ಕಾಯಬೇಕು. ಮಡಕೆ ಮುಟ್ಟುವ ಅಧಿಕಾರವಿದ್ದದ್ದು ಬೊಮ್ಮಕ್ಕನೊಬ್ಬಳಿಗೇ. ಅವಳು ನಡೆದರೆ ಸೆರಗಿನ ನೆರಿಗೆಯೂ ಅಲುಗುತ್ತಿರಲಿಲ್ಲವಂತೆ. ಯಾರ ಒಲೆಯಲ್ಲಾದರೂ ಒಂದು ಕಿಡಿ ಉಳಿದಿದ್ದರೆ ಬಾಗಿಲಲ್ಲೇ ನಿಂತು, "ತವರಿಗೆ ಅವಮಾನ ಮಾಡುತ್ತೀಯೇನೇ?" ಎಂದು ಗದರುತ್ತಿದ್ದಳಂತೆ.

ಆ ವರ್ಷ ಬೊಮ್ಮಕ್ಕನ ಸೊಸೆ ಚೆನ್ನವ್ವ ಹೆತ್ತು ಮೂರು ದಿನವಾಗಿತ್ತು. ಗೋಡೆ ಇನ್ನೂ ಹಸಿ, ಕೂಸಿನ ತುಟಿ ನೀಲಿ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯನ್ನಾದರೂ ಬಿಡು ಎಂದು ನೆರೆಯವರು ಹೇಳಿದರು. ಬಿಡಲಿಲ್ಲ. ಬೊಮ್ಮಕ್ಕ ತನ್ನ ಕೈಯಾರೆ ನೀರು ಸುರಿದಳು. ತವರಿನ ಬೆಂಕಿ ಈಗ ಬಂದೇಬಿಡುತ್ತದಲ್ಲ, ಕೂಸಿಗೆ ಅದಕ್ಕಿಂತ ಒಳ್ಳೆಯದೇನಿದೆ ಎಂದಳಂತೆ.

ಹಡಗು ಬಂತು. ಅಧಿಕಾರಿ ಇಳಿದ. ಈ ಊರಿನವರು ಹೊಳೆಯಾಚೆಯವರಿಗೆ ಅಕ್ಕಿ ಕೊಟ್ಟು ಮೀನು ತರುತ್ತಾರೆಂದು ಚಕ್ರವರ್ತಿಗೆ ತಿಳಿದಿದೆ, ತವರನ್ನು ಬಿಟ್ಟು ಬೇರೆಯವರೊಡನೆ ಕೊಡುಕೊಳ್ಳುವುದು ಅಪರಾಧ, ಆದ್ದರಿಂದ ಮೊದಲ ಬೆಂಕಿ ಊರಿನ ಹನ್ನೊಂದು ದೋಣಿಗಳಿಗೆ ಎಂದ. ಅವು ಉರಿದು ಬೂದಿಯಾದ ಮೇಲೆ ಒಲೆಗಳಿಗೆ. ಹಚ್ಚುವವಳು ಬೊಮ್ಮಕ್ಕ.

ಅವನು ತಮಾಷೆ ಮಾಡುತ್ತಿದ್ದಾನೆಂದೇ ಬೊಮ್ಮಕ್ಕ ನಕ್ಕಳಂತೆ. ನಗುತ್ತಲೇ ಇಕ್ಕಳ ಚಾಚಿದಳಂತೆ. ಅವನು ನಗಲಿಲ್ಲ.

"ಒಡೆಯಾ, ಮನೆಯಲ್ಲಿ ಹಸಿ ಬಾಣಂತಿ. ಒಂದೇ ಒಂದು ಕೆಂಡ."

"ದೋಣಿ ಮೊದಲು."

ಹುಟ್ಟಿದಂದಿನಿಂದ ಅವಳು ಯಾರನ್ನೂ ಬೇಡಿದವಳಲ್ಲ. ತವರು ತನಗೆ ಇಲ್ಲ ಎನ್ನಬಹುದೆಂದು ಕನಸಿನಲ್ಲೂ ನೆನೆದವಳಲ್ಲ. ಅವಳು ತಿರುಗಿ ಊರು ನೋಡಿದಳು. ಒಂದು ಮನೆಯ ಮಾಡಿನ ಮೇಲೂ ಹೊಗೆಯಿಲ್ಲ. ಹಾಗೆ ಮಾಡಿದ್ದು ಶತ್ರುವಲ್ಲ, ತಾನೇ.

ಮಡಕೆ ಎತ್ತಿಕೊಂಡು ದೋಣಿಗಳತ್ತ ನಡೆದಳು. ಹೆಂಗಸರು ಬಾಯಿ ಬಡಿದುಕೊಂಡರು. ಮೊದಲ ದೋಣಿ ದಾಟಿದಳು. ಕೊನೆಯ ದೋಣಿಯನ್ನೂ ದಾಟಿದಳು. ಸೊಂಟದವರೆಗೆ ನೀರಿಗಿಳಿದು ಮಡಕೆಯನ್ನು ಮುಳುಗಿಸಿದಳು.

ಆ ಚುಂಯ್ ಸದ್ದು ಗುಡ್ಡದವರೆಗೆ ಕೇಳಿತಂತೆ. ನಾಲ್ಕು ತಲೆಮಾರಿನಲ್ಲಿ ಆ ಬೆಂಕಿ ಆರಿದ್ದನ್ನು ಕಂಡವರಿರಲಿಲ್ಲ. ಅಧಿಕಾರಿಯ ಕೈ ಕತ್ತಿಯ ಮೇಲಿತ್ತು, ಆದರೆ ಏಳಲಿಲ್ಲವಂತೆ.

ಬೊಮ್ಮಕ್ಕ ಒದ್ದೆ ಸೀರೆಯಲ್ಲೇ ದೋಣಿ ಹತ್ತಿ ಆಚೆ ದಡಕ್ಕೆ ಹೋದಳು. ಆ ಜನರಿಂದ ಮೀನು ಕೊಂಡದ್ದುಂಟು, ಬೆಂಕಿ ತಂದದ್ದಿಲ್ಲ. ಜಟ್ಟಿ ಎಂಬ ಮುದುಕಿ ಒಲೆ ಊದುತ್ತಿದ್ದವಳು ತಲೆಯೆತ್ತಿ, "ಏನಕ್ಕಾ, ಅರಮನೆಯವಳು ನನ್ನ ಒಲೆ ಬುಡಕ್ಕೆ? ಇಷ್ಟು ದಿನ ನಮ್ಮ ಹೊಗೆಗೂ ಮೂಗು ಮುಚ್ಚುತ್ತಿದ್ದೆಯಲ್ಲ!" ಎಂದಳು.

"ಬಾಣಂತಿ ಇದ್ದಾಳೆ" ಎಂದಳು ಬೊಮ್ಮಕ್ಕ.

ಜಟ್ಟಿಯ ನಗು ನಿಂತಿತು. ತನ್ನ ಒಲೆಯ ಅರ್ಧ ಕೆಂಡವನ್ನು ಓಡಿನ ಚೂರಿಗೆ ತುಂಬಿ, "ಬೈಯುವುದನ್ನು ಆಮೇಲೆ ಬೈಯುತ್ತೇನೆ. ನಡಿ, ಆರೀತು" ಎಂದಳು.

ಕೂಸು ಬದುಕಿತು. ಹೊತ್ತು ಇಳಿಯುವುದರೊಳಗೆ ಊರಿನ ಎಲ್ಲ ಮಾಡುಗಳ ಮೇಲೂ ಹೊಗೆ ಎದ್ದಿತು. ಅದನ್ನು ನೋಡಿ ಹಡಗು ತಿರುಗಿಕೊಂಡಿತಂತೆ.

ಮರುವರ್ಷ ದಂಡಿಸಲು ಏಳು ಹಡಗು ಬಂದವು ಎನ್ನುತ್ತಾರೆ. ಮೂರು ಎನ್ನುವವರೂ ಇದ್ದಾರೆ. ಅಳಿವೆಯಲ್ಲಿ ಮರಳುದಿಬ್ಬಗಳು. ಊರಿನ ದೋಣಿ ಮುಂದೆ ಹೋಗಿ ದಾರಿ ತೋರಿಸದೆ ಹಡಗು ಒಳಗೆ ಬರುವಂತಿಲ್ಲ. ಹನ್ನೊಂದರಲ್ಲಿ ಒಂದು ದೋಣಿಯೂ ದಡ ಬಿಡಲಿಲ್ಲ. ಹಡಗುಗಳು ನಾಲ್ಕು ದಿನ ಹೊರಗೆ ತೂಗಾಡಿ ಹೋದವು. ಮತ್ತೆ ಬರಲಿಲ್ಲ. ತವರು ಎಂಬ ಮಾತೂ ಆ ಊರಿನಲ್ಲಿ ಕಡಲಾಚೆಯನ್ನು ಬಿಟ್ಟು ಹೊಳೆಯಾಚೆಯ ದಡಕ್ಕೆ ಸಂದಿತು.

ಈಗಲೂ ಹಡಗು ಬರುತ್ತಿದ್ದ ಆ ದಿನ ಅಲ್ಲಿ ಯಾರೂ ಒಲೆ ಆರಿಸುವುದಿಲ್ಲ. ದಡದಲ್ಲಿ ಒಂದು ಖಾಲಿ ಮಡಕೆಯನ್ನು ಬೋರಲು ಹಾಕುತ್ತಾರೆ. ಹೊಳೆಯ ಯಾವ ದಡದಲ್ಲಿ ಕೂಸು ಹುಟ್ಟಿದರೂ ಬಾಣಂತಿ ಕೋಣೆಯ ಮೊದಲ ಕೆಂಡ ಆಚೆ ದಡದಿಂದ ದೋಣಿಯಲ್ಲಿ ಬರುತ್ತದೆ. ಕೇಳಲು ಯಾರನ್ನೂ ಕಳಿಸುವುದಿಲ್ಲ. ಕೇಳುವ ಮೊದಲೇ ಬಂದಿರುತ್ತದೆ.