ಹಡಗಿನ ಅಕ್ಕಿ

"ಗುರುಗಳೇ, ನಮ್ಮ ಗದ್ದೆಯ ಅಕ್ಕಿಗಿಂತ ಪೇಟೆಯ ಅಕ್ಕಿ ಅಗ್ಗ. ಉಣ್ಣುವವನಿಗೆ ಅಕ್ಕಿ ಎಲ್ಲಿಂದ ಬಂದರೇನು? ಗದ್ದೆಯನ್ನು ಯಾರಿಗಾದರೂ ಕೊಟ್ಟುಬಿಡೋಣವೇ?"

ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯ ಹೀಗೆ ಕೇಳಿದ. ಬುದ್ಧಿವಂತ ಹುಡುಗ, ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೂತುಕೋ ಎಂದು ಈ ಕತೆ ಹೇಳಿದರು.

ಕಡಲ ತಡಿಯಲ್ಲಿ ಒಂದು ದೇಶವಿತ್ತು. ಅಲ್ಲಿಯ ಅಕ್ಕಿ ಎಂಥದೆಂದರೆ, ಒಂದು ಮನೆಯಲ್ಲಿ ಅನ್ನ ಬೆಂದರೆ ಉಂಡು ಕೂತ ಪಕ್ಕದ ಮನೆಯವರಿಗೂ ಹಸಿವಾಗುತ್ತಿತ್ತು. ಅದನ್ನು ಕೊಳ್ಳಲು ದೂರದೂರದ ಹಡಗುಗಳು ಬರುತ್ತಿದ್ದವು. ಅಲ್ಲಿ ಒಬ್ಬ ರೈತನಿದ್ದ. ಉಂಡು, ಬಿತ್ತನೆಗೆ ಎತ್ತಿಟ್ಟು, ಮಿಕ್ಕಿದ್ದನ್ನು ಮಾರುತ್ತಿದ್ದ. ಬಂದರಿನ ವರ್ತಕ ಅವನನ್ನು ಕಂಡು ನಕ್ಕ. ಇಷ್ಟು ಬೆಲೆ ಬಾಳುವ ಅಕ್ಕಿಯನ್ನು ಮನೆಯಲ್ಲಿ ಬೇಯಿಸಿ ಉಣ್ಣುವುದುಂಟೇ? ಇದನ್ನೆಲ್ಲ ಹಡಗಿಗೆ ಹಾಕು, ಬರುವಾಗ ಅದೇ ಹಡಗಿನಲ್ಲಿ ಅಗ್ಗದ ಅಕ್ಕಿ ತರಿಸಿಕೊಡುತ್ತೇನೆ ಎಂದ. ಮಾತು ಸರಿಯಾಗಿಯೇ ಇತ್ತು. ರೈತ ಒಪ್ಪಿದ, ದೇಶವೂ ಒಪ್ಪಿತು.

ಮಗನ ಕಾಲಕ್ಕೆ ಆ ಅಕ್ಕಿಯನ್ನು ಕೇಳುವವರು ಕಡಿಮೆಯಾಗಿ ಬೆಲ್ಲಕ್ಕೆ ಬೆಲೆ ಬಂತು. ಭತ್ತದ ಗದ್ದೆಗಳೆಲ್ಲ ಕಬ್ಬಿನ ಗದ್ದೆಗಳಾದವು. ಬೆಲ್ಲ ಹೋಗುತ್ತಿತ್ತು, ಅಕ್ಕಿ ಬರುತ್ತಿತ್ತು. ಬರುತ್ತಿದ್ದದ್ದು ತೊಳೆದಿಟ್ಟಂತೆ ಬೆಳ್ಳಗಿನ ಅಕ್ಕಿ. ಹಡಗಿನಲ್ಲಿ ಹೊಟ್ಟು ಹೊತ್ತು ತರುವ ದಡ್ಡ ವರ್ತಕ ಇನ್ನೂ ಹುಟ್ಟಿಲ್ಲ.

ಮೊಮ್ಮಗ ಹುಟ್ಟಿದ್ದು ಕಬ್ಬಿನ ನಡುವೆ. ಅಕ್ಕಿಯೆಂದರೆ ಅವನಿಗೆ ಮೂಟೆಯಿಂದ ಸುರಿಯುವ ವಸ್ತು. ಅಜ್ಜನ ಕಡೆಯಿಂದ ಅವನಿಗೆ ಬಂದದ್ದು ಒಂದು ನೇಗಿಲು ಮತ್ತು ಒಂದು ಮಾತು: ಹಸಿದು ಸತ್ತರೂ ಬಿತ್ತನೆಯ ಕಾಳು ಉಣ್ಣಬಾರದು.

ಒಂದು ವರ್ಷ ಕಡಲಾಚೆ ಮಳೆ ಕೈಕೊಟ್ಟಿತು. ಅಲ್ಲಿಯ ರಾಜ, ನನ್ನ ಜನ ಉಂಡ ಮೇಲೆ ಮಿಕ್ಕವರು ಎಂದು ಬಂದರು ಮುಚ್ಚಿದ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಈಚೆಯ ದೇಶದಲ್ಲಿ ಬೆಲ್ಲದ ರಾಶಿ ಮನೆಯೆತ್ತರ ಬಿದ್ದಿತ್ತು. ಬೆಲ್ಲ ತಿಂದು ಎಷ್ಟು ದಿನ ಬದುಕುವುದು?

ಮೊಮ್ಮಗನ ಮನೆಯಲ್ಲಿ ಒಂದೇ ಮೂಟೆ ಅಕ್ಕಿ ಉಳಿದಿತ್ತು. ಅವನು ಕಬ್ಬಿನ ಕೂಳೆ ಕಿತ್ತು ಗದ್ದೆ ಹದ ಮಾಡಿ ಬಂದು ಆ ಮೂಟೆಗೆ ಕೈ ಹಾಕಿದ. ಹೆಂಡತಿ ಅಡ್ಡ ನಿಂತಳು.

"ಇದನ್ನ ನೀರುಗಂಜಿ ಮಾಡಿ ಕುಡಿದರೆ ಮಳೆಗಾಲ ಹೇಗೋ ಕಳೀತದೆ. ಮಕ್ಕಳ ಮುಖ ನೋಡಿ."

"ಮಕ್ಕಳ ಮುಖ ನೋಡಿಯೇ ಬಿತ್ತೋಕೆ ಹೊರಟಿದ್ದೇನೆ ಕಣೇ. ತಿನ್ನೋ ಕಬ್ಬನ್ನೇ ತುಂಡು ಮಾಡಿ ಹೂಳ್ತೇವೆ, ಅದು ಮೊಳೆಯಲ್ವಾ? ಅಕ್ಕಿಯೂ ಹಾಗೇ. ಬಿತ್ತನೆಯದನ್ನು ಉಂಡ ಮನೆ ಉಳಿಯಲ್ಲ ಅಂತ ಅಜ್ಜ ಹೇಳಿದ್ದ."

ಅಜ್ಜನ ಮಾತೆಂದ ಮೇಲೆ ಅವಳು ಎದುರಾಡಲಿಲ್ಲ. ಮೂಟೆಗೆ ಅರಿಸಿನ ಕುಂಕುಮ ಹಚ್ಚಿ ತಾನೇ ಅವನ ಹೆಗಲಿಗೆ ಎತ್ತಿಕೊಟ್ಟಳು. ಅವನು ಬಿತ್ತುವುದನ್ನು ಕಂಡು ಊರವರೂ ತಮ್ಮ ತಮ್ಮ ಮನೆಯ ಕೊನೆಯ ಅಕ್ಕಿಯನ್ನು ತಂದು ಬಿತ್ತಿದರು. ಹೊಟ್ಟೆ ಖಾಲಿಯಿದ್ದರೂ ಅಂದು ಊರಿಗೆ ಊರೇ ತಲೆಯೆತ್ತಿ ನಡೆಯಿತು.

ಮಳೆ ಹದವಾಗಿ ಬಂತು. ಗದ್ದೆಯ ನೀರು ಬೆಳ್ಳಗಾಯಿತು, ಆಮೇಲೆ ಹುಳಿ ನಾತ ಬಂತು. ಅವನು ಬದುವಿನಲ್ಲಿ ಕೂತು ಕಾದ. ಒಂದು ಬೆಳಿಗ್ಗೆ ಹಸಿರು ಕಂಡಿತು. ಹೆಂಡತಿಯನ್ನು ಕೂಗಿ ಕರೆದ. ಅವಳು ಓಡಿ ಬಂದು ಬಗ್ಗಿ ನೋಡಿದಳು. ಅದು ಹುಲ್ಲು.

ಅವನು ಬಂದರಿಗೆ ನಡೆದು ವರ್ತಕನ ಮೊಮ್ಮಗನ ಮುಂದೆ ನಿಂತ.

"ಧಣಿ, ನೀವು ಕೊಟ್ಟ ಅಕ್ಕಿ ಮೊಳೆಯಲಿಲ್ಲ."

ಆ ವರ್ತಕನೂ ಊಟ ಕಂಡು ಬಹಳ ದಿನವಾಗಿತ್ತು. ಅವನು ಮೆಲ್ಲಗೆ ಹೇಳಿದ, "ಬಿತ್ತುವ ಅಕ್ಕಿಗೆ ಮೇಲೊಂದು ಸಿಪ್ಪೆ ಇರುತ್ತದಂತೆ ಕಣಪ್ಪ. ನಮ್ಮಜ್ಜ ಹೇಳುತ್ತಿದ್ದ. ನಾನೂ ಕಂಡವನಲ್ಲ."

ರೈತ ಮನೆಗೆ ಬಂದ. ಹೆಂಡತಿ ಕಾಲಿಗೆ ನೀರು ತಂದಿಟ್ಟಳು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಳೆಗಾಲ ಮುಗಿಯುವ ಮೊದಲೇ ಚಿಕ್ಕ ಮಗು ತೀರಿಕೊಂಡಿತು. ಮಗುವಿನ ಬಾಯಿಂದ ಗಂಜಿ ಕಿತ್ತು ಕೆಸರಿಗೆ ಸುರಿದವನು ನಾನೇ ಎಂದು ಅವನು ಹಣೆ ಚಚ್ಚಿಕೊಂಡು ಅತ್ತ. ಅಜ್ಜನ ಮಾತನ್ನು ಅವನು ಒಂದಿಷ್ಟೂ ಮೀರಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

"ಅಕ್ಕಿ ಬಿತ್ತಿದರೆ ಮೊಳೆಯುವುದಿಲ್ಲ ಎಂದು ಸಣ್ಣ ಮಕ್ಕಳಿಗೂ ಗೊತ್ತು, ಗುರುಗಳೇ. ಅವನೆಂಥ ರೈತ!"

ಗುರುಗಳು ಹೇಳಿದರು: "ನೀನು ಗದ್ದೆಯಲ್ಲಿ ಆಡಿ ಬೆಳೆದವನು, ನಿನಗೆ ಗೊತ್ತು. ಗದ್ದೆ ಕೊಟ್ಟ ಮೇಲೆ, ನಾಳೆ ಈ ಮಠಕ್ಕೆ ಬರುವ ಮಗುವಿಗೆ ಅದನ್ನು ಎಲ್ಲಿ ತೋರಿಸುತ್ತೀಯಪ್ಪಾ?"